ಅವ್ವನ ಹೆಸರಿನ ಹುಳ

ಬಾವಿಗೆ ಹನ್ನೊಂದು ಗಂಟೆಗೆ ಮಣ್ಣು ಹಾಕುತ್ತಾರೆ ಎಂದು ಹೇಳುವಾಗ ಅವ್ವನ ದನಿಯಲ್ಲಿ ಮದುವೆಮನೆಯ ಸಡಗರವಿತ್ತು. “ಜೇಸಿಬಿ ನಿನ್ನೀನ ಬಂದು ನಿಂತೈತಿ. ನೀ ಬರ್ತಿಯೋ ಇಲ್ಲೋ ಅಷ್ಟ ಹೇಳು,” ಎಂದಿದ್ದಳು. ಬರ್ತೇನಿ ಎಂದು ಶಿವಲೀಲಾ ಫೋನಿಟ್ಟಳು. ಇಟ್ಟಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಬರುವುದಿಲ್ಲ ಎಂದಿದ್ದರೆ ಎಲ್ಲ ತಾನಾಗಿಯೇ ಮುಗಿಯುತ್ತಿತ್ತು. ಈಗ ಶಹಾಪುರದಿಂದ ಹೊರಟ ಲಿಂಗಸುಗೂರು ಬಸ್ಸಿನಲ್ಲಿ, ಕಿಟಕಿಯ ಪಕ್ಕ, ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತಿದ್ದಾಳೆ. ಚೀಲದಲ್ಲಿ ಒಂದು ಹಗ್ಗ, ಸ್ಟೀಲಿನ ಡಬ್ಬಿ, ಭೂತಗನ್ನಡಿ, ಸ್ಪಿರಿಟ್ ತುಂಬಿದ ನಾಲ್ಕು ಪುಟ್ಟ ಶೀಶೆ, ಒಂದು ಡ್ರಾಪರ್. ನೀರಿನೊಳಗಿನ ಸಣ್ಣ ಪ್ರಾಣಿಗಳನ್ನು ಸೋಸುವ ಬಲೆ ಮಾತ್ರ ಇಲ್ಲ. ಅದು ವಿಶ್ವವಿದ್ಯಾಲಯದಲ್ಲಿ, ಅವಳ ಗೈಡ್ ಸಂಜೀವಕುಮಾರ ಸರ್ ಕಪಾಟಿನಲ್ಲಿದೆ. ಕೇಳಿದರೆ ಅವರು ಕೊಡುವುದಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಶೀಶೆಗಳ ಸಪ್ಪಳಕ್ಕೆ ಎರಡು ಸಲ ಚೀಲದತ್ತ ನೋಡಿ, “ಔಷಧೇನ್ರಿ?” ಎಂದಳು. ಶಿವಲೀಲಾ ಹೂಂ ಎಂದಳು. “ಯಾರಿಗ್ರಿ?” “ಬಾವಿಗಿ.” ಹೆಂಗಸು ಮುಖ ತಿರುಗಿಸಿಕೊಂಡು ಆಚೆ ಸಾಲಿನವರೊಂದಿಗೆ ಮಾತಿಗೆ ಕೂತಳು. ಚಲೋ ಆಯಿತು ಎಂದುಕೊಂಡಳು ಶಿವಲೀಲಾ. ಇವತ್ತು ಯಾರಾದರೂ ಮಮತೆಯಿಂದ ಮಾತಾಡಿಸಿದರೆ ಬಾಯಿಗೆ ಬಂದದ್ದು ಅಂದುಬಿಡುವ ಹಾಗಿದ್ದಳು.

ವಿಷಯ ಅರ್ಧ ಮಿಲಿಮೀಟರಿನಷ್ಟು ಸಣ್ಣದು. ರಾಮೇಶ್ವರದ ಕಡೆಯ ಕಡಲಂಚಿನಲ್ಲಿ, ಸೊಂಟಮಟ್ಟದ ನೀರಿನಡಿ, ಹುಲ್ಲು ಬೆಳೆಯುತ್ತದೆ. ಪಾಚಿಯಲ್ಲ, ಬೇರು ಬಿಟ್ಟು ಹೂವೂ ಬಿಡುವ ನಿಜವಾದ ಹುಲ್ಲು. ಆ ಹುಲ್ಲಿನ ಬುಡದ ಮರಳಿನಲ್ಲಿ, ಹರಳು ಹರಳಿನ ನಡುವಿನ ಸಂದಿಯಲ್ಲಿ, ಸಾಸಿವೆಗಿಂತ ಎಷ್ಟೋ ಸಣ್ಣ ಪ್ರಾಣಿಗಳು ಸಾವಿರಗಟ್ಟಲೆ ಬದುಕಿರುತ್ತವೆ. ದಾರದಂಥವು, ಚಿಪ್ಪು ಹೊತ್ತವು, ಸೀಗಡಿಯನ್ನು ಕುಗ್ಗಿಸಿ ಕುಗ್ಗಿಸಿ ಚುಕ್ಕೆಯಾಗಿಸಿದಂಥವು. ಅವನ್ನು ಹೆಕ್ಕಿ ತೆಗೆದು ಹೆಸರು ಹಚ್ಚುವುದೇ ಶಿವಲೀಲಾ ಪಿಎಚ್‌ಡಿಗೆ ಮಾಡಿದ ಕೆಲಸ. ಕುರಿ ಕಾಯುವ ಅಪ್ಪ ಮಲ್ಕಪ್ಪನಿಗೆ ಇದನ್ನು ತಿಳಿಸಿ ಹೇಳಿದಾಗ ಅವನು ಬೀಡಿ ಆರಿಸಿ, “ಸಮುದ್ರದಾಗ ಹುಲ್ಲ ಐತೇನು?” ಎಂದು ಕೇಳಿ, “ಮತ್ತ ಅದನ್ನ ಯಾರು ಮೇಸ್ತಾರ?” ಎಂದಿದ್ದ. ವಿಶ್ವವಿದ್ಯಾಲಯದಲ್ಲಿ ಐದು ವರ್ಷದಲ್ಲಿ ಯಾರೂ ಅವಳನ್ನು ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಕುರುಬರ ಹುಡುಗಿಗೆ ಸಮುದ್ರದ ಉಸಾಬರಿ ಯಾಕೆ ಎಂದು ಕೇಳಿದ್ದರು. ಮೊದಲ ದಿನ ನೀರಿಗಿಳಿದಾಗ ಸಲ್ವಾರ್ ಕಾಲಿಗೆ ಸುತ್ತಿಕೊಂಡು ಮುಗ್ಗರಿಸಿ ಬಿದ್ದದ್ದನ್ನು ಜೊತೆಗಿದ್ದವರು ವಿಡಿಯೋ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಬಾಯಿಗೆ ಹೋದ ಉಪ್ಪುನೀರನ್ನು ಉಗಿಯುತ್ತ ಅವಳೂ ನಕ್ಕಿದ್ದಳು. ಆ ನಗುವನ್ನು ಅವಳು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಅಂಥವಳ ಐದು ಡಬ್ಬಿ ಮರಳಿನಲ್ಲಿ ಯಾರೂ ಕಾಣದ ಪ್ರಾಣಿ ಸಿಕ್ಕಿತು. ಒಟ್ಟು ಹನ್ನೊಂದು. ಅರ್ಧ ಮಿಲಿಮೀಟರು ಉದ್ದ, ಐದು ಜೊತೆ ಕಾಲು, ಕಣ್ಣಿಲ್ಲ. ಹೊಸ ಜಾತಿ ಎಂದು ಲೇಖನ ಅಚ್ಚಾಯಿತು. ಜಾತಿಗೆ ಹೆಸರಿಡುವ ಮಾತು ಬಂದಾಗ ಅವಳು ಜೀವಮಾನದಲ್ಲಿ ಒಮ್ಮೆ ಹಟ ಹಿಡಿದಳು. ಅವ್ವನ ಹೆಸರಿಟ್ಟಳು.

ಲ್ಯಾಟಿನ್ ಬಾಲ ಅಂಟಿಸಿಕೊಂಡ ಹಣಮಮ್ಮ. ಪೇಪರಿನಲ್ಲಿ ಬಂತು, ಸಮುದ್ರದ ಜೀವಿಗೆ ಸುರಪುರ ಸೀಮೆಯ ತಾಯಿಯ ಹೆಸರು ಎಂದು. ಊರ ಶಾಲೆಯಲ್ಲಿ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಅದೇ ಶಾಲೆಯ ಪಡಸಾಲೆಯಲ್ಲಿ, ಮೈಕಿನ ಮುಂದೆ ನಿಂತು ಕೈಮುಗಿದಳು. ಆಮೇಲೆ ಮನೆಯಲ್ಲಿ ಪೇಪರಿನ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. “ಇದಕ್ಕ ಕಾಲು ಎಷ್ಟವ?” “ಐದು ಜೋಡಿ.” “ಎಲ್ಲಾ ಚಲೋ ಅದಾವ?” ಚಲೋ ಅದಾವ ಎಂದಳು ಶಿವಲೀಲಾ. ಅವ್ವ ತನ್ನ ಎಡಗಾಲಿನ ಮಡಚದ ಹರಡನ್ನು ಕೈಯಿಂದ ಸವರಿಕೊಳ್ಳುತ್ತ, “ಸಮುದ್ರ ನೋಡಿಲ್ಲ ನಾ. ನನ್ನ ಹೆಸರ ಹೋಗಿ ಕುಂತೈತಿ ನೋಡು,” ಎಂದು ನಕ್ಕಿದ್ದಳು. ಶಾಲು ಟ್ರಂಕಿಗೆ ಹೋಯಿತು. ಪೇಪರು ಗೋಡೆಗೆ ಬಂತು.

ಭೀಮರಾಯನಗುಡಿಯಲ್ಲಿ ಬಸ್ಸು ನಿಂತು ಕಾಲುವೆ ಆಫೀಸಿನ ನಾಲ್ಕಾರು ಜನ ಇಳಿದರು. ಶಿವಲೀಲಾ ಫೋನು ತೆಗೆದು ಚೇತನಕುಮಾರ ಎಂಬವನು ಕಳಿಸಿದ ಇ-ಮೇಲನ್ನು ಮತ್ತೆ ಓದಿದಳು. ಹದಿನೈದು ದಿನದಿಂದ ದಿನಕ್ಕೆ ನಾಲ್ಕು ಸಲ ಓದುತ್ತಿದ್ದಾಳೆ, ಉತ್ತರ ಬರೆದಿಲ್ಲ. ಯಾವುದೋ ದೊಡ್ಡ ಸಂಸ್ಥೆಯ ಸಂಶೋಧನಾ ವಿದ್ಯಾರ್ಥಿ. ಅವಳು ಅವನನ್ನು ನೋಡಿಲ್ಲ, ಆದರೂ ಅವನ ಇಸ್ತ್ರಿ ಮಾಡಿದ ಅಂಗಿಯ ಕಾಲರು ಸಹ ಅವಳಿಗೆ ಕಾಣುತ್ತದೆ. ಗೌರವಾನ್ವಿತ ಮೇಡಂ, ನಿಮ್ಮ ಪ್ರಾಣಿಯನ್ನು ಹುಡುಕಿ ಅದೇ ಹುಲ್ಲಿನ ಬಯಲಿಗೆ ಮೂರು ಹಂಗಾಮು ಹೋಗಿ ಬಂದೆ, ಒಂದೂ ಸಿಗಲಿಲ್ಲ. ಬಿಸಿಲು ಬೀಳುವ ಜಾಗದಲ್ಲಿ ಕಣ್ಣಿಲ್ಲದ ಪ್ರಾಣಿ ಇರುವುದು ನನಗೆ ವಿಚಿತ್ರವೆನಿಸಿತು. ಇದರ ಕಣ್ಣಿಲ್ಲದ ಬಂಧುಗಳೆಲ್ಲ ನೆಲದಡಿಯ ಸಿಹಿನೀರಿನವು. ದಯವಿಟ್ಟು ತಪ್ಪು ತಿಳಿಯಬೇಡಿ, ಮಾದರಿಗಳಿಗೆ ಬಣ್ಣ ಹಾಕುವಾಗ ಯಾವ ನೀರು ಬಳಸಿದ್ದಿರಿ? ದಯವಿಟ್ಟು ತಪ್ಪು ತಿಳಿಯಬೇಡಿ ಎಂಬಲ್ಲಿಗೆ ಬಂದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಳ್ಳಿ ಎಂದಿದ್ದರೆ ನೀನು ಕಳ್ಳ ಎನ್ನಬಹುದಿತ್ತು. ಇವನು ಮೆತ್ತಗೆ ಬಾಗಿಲು ತಟ್ಟಿ, ಒಳಗೆ ಬರಲೇ ಎಂದು ಕೇಳಿ, ನೇರವಾಗಿ ಅಡಿಗೆಮನೆಯ ಕೊಡದ ಹತ್ತಿರ ಬಂದು ನಿಂತುಬಿಟ್ಟಿದ್ದಾನೆ.

ಯಾವ ನೀರು ಎಂದರೆ ಏನು ಹೇಳುವುದು. ಲಾಕ್‌ಡೌನಿನಲ್ಲಿ ಲ್ಯಾಬಿಗೆ ಬೀಗ ಬಿತ್ತು. ಬಣ್ಣ ಹಾಕದ ಐದು ಡಬ್ಬಿ ಮರಳನ್ನೂ ಹಳೆಯ ಸೂಕ್ಷ್ಮದರ್ಶಕವನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಅವಳು ಊರಿಗೆ ಬಂದಿದ್ದಳು. ಡಬ್ಬಿಗೆ ಗುಲಾಬಿ ಬಣ್ಣದ ನೀರು ಹಾಕಿ ಎರಡು ದಿನ ಬಿಟ್ಟರೆ ಪ್ರಾಣಿಗಳಷ್ಟೇ ಬಣ್ಣ ಹಿಡಿಯುತ್ತವೆ, ಮರಳು ಮರಳಾಗಿಯೇ ಉಳಿಯುತ್ತದೆ, ಆಗ ಹೆಕ್ಕುವುದು ಸುಲಭ. ಮೊದಲ ಸಲ ನಳದ ನೀರಿನಲ್ಲಿ ಬಣ್ಣ ಕಲಸಿದಳು. ಕೃಷ್ಣೆಯಿಂದ ಬರುವ ಆ ನೀರಿಗೆ ಬ್ಲೀಚಿಂಗ್ ಪೌಡರನ್ನು ಹಿಟ್ಟಿನ ಹಾಗೆ ಸುರಿದಿರುತ್ತಾರೆ, ಬೆಳಗಾಗುವಷ್ಟರಲ್ಲಿ ಬಣ್ಣ ಸುಣ್ಣದ ತಿಳಿಯಾಗಿತ್ತು. ಪೌಡರು ಸೋಕದ ನೀರು ಊರಿನಲ್ಲಿ ಒಂದೇ ಕಡೆ ಇತ್ತು, ಮನೆಯ ಹಿಂದಿನ ಮೆಟ್ಟಿಲು ಬಾವಿಯಲ್ಲಿ. ಆ ಬಾವಿಯ ನೀರು ಮುಟ್ಟಬಾರದೆಂಬುದು ಅವ್ವ ಮಕ್ಕಳಿಗೆ ಹಾಕಿದ್ದ ಒಂದೇ ಕಟ್ಟಳೆ. ಅವ್ವ ನೀರು ಸೋಸುವ ಬಟ್ಟೆ ದೇವರ ಗೂಡಿನ ಪಕ್ಕದ ಗೂಟದಲ್ಲಿ ತೂಗುತ್ತಿರುತ್ತದೆ, ಅವಳನ್ನು ಕೇಳದೆ ಯಾರೂ ಅದನ್ನು ತೆಗೆಯುವ ಹಾಗಿಲ್ಲ. ನಳದ ನೀರನ್ನು ಅವ್ವ ಆಗಲೇ ಸೋಸಿ ತುಂಬಿಸಿರುತ್ತಾಳೆ. ಮತ್ತೆ ಬಟ್ಟೆ ಕೇಳಿದರೆ, ಯಾವ ನೀರಿಗೆ ಎಂಬ ಪ್ರಶ್ನೆ ಬರುತ್ತದೆ. ಹೀಗೆಂದು ಶಿವಲೀಲಾ ಬಟ್ಟೆ ಕೇಳಲಿಲ್ಲ. ಇಪ್ಪತ್ತೆಂಟು ವರ್ಷದವಳು, ಸಮುದ್ರಕ್ಕೆ ಇಳಿದು ಬಂದವಳು, ಅವ್ವನ ಬೈಗುಳಕ್ಕೆ ಅಂಜಿ ಹಿತ್ತಿಲಿನಿಂದ ಕಳ್ಳಹೆಜ್ಜೆಯಲ್ಲಿ ಹೋಗಿ, ಒಂದು ತಂಬಿಗೆ ನೀರು ತಂದು, ಸೋಸದೆ ಬಣ್ಣ ಕಲಸಿದಳು. ಅದೇ ಐದು ಡಬ್ಬಿಯಲ್ಲಿ ಹನ್ನೊಂದು ಪ್ರಾಣಿ ಸಿಕ್ಕವು. ಕಡಲ ದಂಡೆಯಲ್ಲೇ ಬಣ್ಣ ಹಾಕಿದ್ದ ನಲವತ್ತು ಡಬ್ಬಿಯಲ್ಲಿ ಒಂದೂ ಇರಲಿಲ್ಲ. ಅದು ಅವಳಿಗೆ ಆಗಲೇ ಕಂಡಿತ್ತು. ಕಾಣಲಿಲ್ಲ ಎಂದು ಆಣೆ ಮಾಡುವಂತಿಲ್ಲ. ಈ ಐದೂ ಡಬ್ಬಿ ಹುಲ್ಲು ದಟ್ಟವಾಗಿದ್ದ ಕಡೆಯವು, ಅದಕ್ಕೇ ಇರಬೇಕು ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಂಡು ಅವಳು ಮುಂದೆ ಹೋಗಿದ್ದಳು. ಆ ಸಾಲು ಲೇಖನದಲ್ಲೂ ಅಚ್ಚಾಗಿದೆ.

ಬಾವಿಯ ಮೇಲೆ ಅವ್ವನಿಗೆ ಹಗೆ ಹುಟ್ಟಿದ್ದು ತಾನು ಹನ್ನೆರಡು ವರ್ಷದವಳಿದ್ದಾಗ. ಅವ್ವ ಇದೇ ಊರಿನ ಮಗಳು, ಸೋದರಮಾವನ ಮನೆಗೇ ಸೊಸೆಯಾದವಳು, ಹುಟ್ಟಿದಾಗಿನಿಂದ ಆ ಬಾವಿಯೇ ಗತಿ. ಆಗ ಈ ಭಾಗದಲ್ಲಿ ನಾರುಹುಣ್ಣು ಮನೆಮನೆಗೂ ಇತ್ತು. ಬಾವಿಯ ನೀರಿನಲ್ಲಿ ಕಣ್ಣಿಗೆ ಬೀಳದ ಹುಳ, ಆ ಹುಳದ ಹೊಟ್ಟೆಯಲ್ಲಿ ನಾರುಹುಳದ ಮರಿ. ಕುಡಿದವರ ಮೈಯಲ್ಲಿ ಅದು ಒಂದು ವರ್ಷ ಬೆಳೆದು ಮೊಳದುದ್ದದ ದಾರವಾಗಿ ಕಾಲಿನ ಚರ್ಮ ಒಡೆದು ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಿನಷ್ಟು ಎಳೆಯಬೇಕು, ಅವಸರ ಮಾಡಿದರೆ ಕಡಿದು ಒಳಗೇ ಕೊಳೆಯುತ್ತದೆ. ಹಣಮಮ್ಮನದು ಕಡಿಯಿತು. ಆರು ತಿಂಗಳು ಮಲಗಿ ಎದ್ದಾಗ ಹರಡು ಗಟ್ಟಿಯಾಗಿತ್ತು, ಶಾಲೆ ಹೋಗಿತ್ತು, ಹೆಸರಿನ ಹಿಂದೆ ಕುಂಟಿ ಎಂಬ ಮಾತು ಸೇರಿತ್ತು. ಜೀಪಿನಲ್ಲಿ ಬಂದ ಸರಕಾರದವರು ಬಾವಿಗೆ ಔಷಧ ಹಾಕಿ, ಸೀಲು ಹೊಡೆದ ಬಿಳಿ ಬಟ್ಟೆ ಹಂಚಿ ಹೋದರು. ರೋಗ ಹೋಗಿ ಮೂವತ್ತು ವರ್ಷವಾಯಿತು. ಉಳಿದವರ ಬಟ್ಟೆ ಒರಸುಬಟ್ಟೆಯಾಗಿ ಮುಗಿದವು. ಅವ್ವ ಮಾತ್ರ ಹರಿದಲ್ಲಿ ಹೊಲಿದು ಹೊಲಿದು ಅದರಲ್ಲೇ ಸೋಸುತ್ತಾಳೆ. ಪಕ್ಕದ ಮನೆಯ ಹಂಪಮ್ಮ ಲಿಂಗವಂತರಾಕೆ, ಆಕೆಯೂ ನೀರು ಸೋಸುತ್ತಾಳೆ. ಸೋಸಿದ ಮೇಲೆ ಬಟ್ಟೆ ಮಗುಚಿ ಬಾವಿಯಲ್ಲೇ ಜಾಲಿಸುತ್ತಾಳೆ, ಸಿಕ್ಕ ಜೀವ ಬಂದ ಕಡೆಗೇ ಹೋಗಲಿ ಎಂದು. ಅವ್ವ ಬಟ್ಟೆಯನ್ನು ಹಿತ್ತಿಲಿನ ಕಾದ ಹಾಸುಗಲ್ಲಿಗೆ ಬಡಿಯುತ್ತಾಳೆ. ಒಮ್ಮೆಯಲ್ಲ, ಮೂರು ಸಲ. ಪ್ರತಿ ಸಲಕ್ಕೂ ಸಾಯ್ರಿ ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಶಿವಲೀಲಾ ಇದನ್ನು ಪೂಜೆ ಎಂದೇ ತಿಳಿದಿದ್ದಳು.

ಸುರಪುರದಲ್ಲಿ ಬಸ್ಸು ಕಾಲು ಗಂಟೆ ನಿಂತಾಗ ಸಂಜೀವಕುಮಾರ ಸರ್ ಫೋನು ಬಂತು. ಇ-ಮೇಲಿನ ವಿಷಯವನ್ನೂ ಬಾವಿಯ ವಿಷಯವನ್ನೂ ಅವಳೇ ಮೊನ್ನೆ ಅವರಿಗೆ ಹೇಳಿದ್ದಳು. ಹೇಳಿದ್ದೇ ತಪ್ಪಾಯಿತು. “ಎಲ್ಲಿದ್ದೀರಿ?” ಎಂದರು. ಊರಿಗೆ ಹೊರಟೇನ್ರಿ ಸರ್, ಬಾವಿ ಮುಚ್ಚಾಕತ್ತಾರ, ಎಂದಳು. ಅತ್ತ ಕಡೆ ಚಹಾ ಗುಟುಕರಿಸಿದ ಸಪ್ಪಳ. “ಮುಚ್ಚಲಿ. ಅಂಗನವಾಡಿ ಕಟ್ತಾರಂತ ನೀವೇ ಹೇಳಿದ್ರಿ, ಚಲೋ ಕೆಲಸ ಅದ. ಬಾವಿ ಹೋದ ಮ್ಯಾಲ ಆ ಹುಡುಗ ಏನ್ ತೋರಸ್ತಾನ? ಸಮುದ್ರದಾಗ ಸಿಗಲಿಲ್ಲ ಅಂತಾನ. ಸಮುದ್ರ ದೊಡ್ಡದದ, ಇನ್ನೂ ಹುಡುಕಪ್ಪ ಅನ್ನೋಣ.” ಶಿವಲೀಲಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ಮುಂದಿನ ತಿಂಗಳು ನಿಮ್ಮ ಇಂಟರ್ವ್ಯೂ ಅದ. ನಿಮಗಿರೋದು ಅದೊಂದೇ ಪೇಪರ್. ಗೆಸ್ಟ್ ಲೆಕ್ಚರರ್ ಆಗೇ ಮುದುಕಿ ಆಗ್ತೀರೇನು? ಶಿವಲೀಲಾ, ಬ್ಯಾರೆ ಎಲ್ಲಿಂದಾದ್ರೂ ಹುಳ ಸೋಸೋ ಬಲಿ ಒಯ್ದೀರೇನು?” “ಇಲ್ರಿ ಸರ್.” “ಒಯ್ಯಬ್ಯಾಡ್ರಿ ಮತ್ತ.” ಫೋನು ಕಟ್ಟಾಯಿತು. ನಾಲ್ಕು ವರ್ಷದ ಹಿಂದೆ ಅದೇ ದನಿ, ಹೆಸರಿಡುವ ದಿನ, ನಿಮ್ಮ ಮನಿ ಮಂದಿ ಹೆಸರು ಇಂಥಾದ್ರಾಗ ತರಬಾರದು ನೋಡ್ರಿ ಎಂದು ಎಲ್ಲರೆದುರು ನಕ್ಕಿತ್ತು. ಅವರ ಮಾತು ಕೇಳಿದ್ದರೆ ಇವತ್ತು ಈ ಹುಳ ಯಾವನೋ ಕುಲಪತಿಯ ಹೆಸರಿನಲ್ಲಿರುತ್ತಿತ್ತು. ಅದರ ಗತಿ ಏನಾದರೂ ಅವಳಿಗೆ ನಗುವೇ ಬರುತ್ತಿತ್ತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದಕ್ಕೇ ಅವಳಿಗೆ ಹೆಚ್ಚು ಸಿಟ್ಟು. ಮಣ್ಣು ಬಿದ್ದರೆ ಮುಗಿಯಿತು. ಅವಳು ತಡವಾಗಿ ಹೋಗಬೇಕು, ಅಷ್ಟೇ. ಮುಂದಿನ ಬಸ್ಸಿಗೆ ಹೋಗಬೇಕು. ಕಂಡಕ್ಟರ್ ಸೀಟಿ ಊದಿದ. ಅವಳು ಏಳಲಿಲ್ಲ. ಬಸ್ಸು ತಿಂಥಣಿ ರಸ್ತೆ ಹಿಡಿಯಿತು.

ಊರ ಅಗಸೆಬಾಗಿಲು ದಾಟಿ ಮನೆಯ ಹಿಂದೆ ಬಂದಾಗ ಹನ್ನೊಂದಾಗುತ್ತ ಬಂದಿತ್ತು. ಬಾವಿಯ ದಂಡೆಯ ಮೇಲೆ ಹಳದಿ ಜೇಸಿಬಿ, ಅದರ ಪಕ್ಕ ಮನೆಯೆತ್ತರ ಮೊರಂ ಮಣ್ಣಿನ ಗುಡ್ಡೆ. ಬೇವಿನ ಮರದಡಿ ಹತ್ತಿಪ್ಪತ್ತು ಜನ. ಅವರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವ್ವ ಕೂತಿದ್ದಳು. ಅಂಥ ಬಿಸಿಲಿನಲ್ಲಿ ಹೆಗಲ ಮೇಲೆ ಶಾಲೆಯವರು ಹೊದಿಸಿದ್ದ ಆ ಶಾಲು ಹೊದ್ದಿದ್ದಳು. ಅದನ್ನು ನೋಡಿದ್ದೇ ಶಿವಲೀಲಾಳಿಗೆ ತಿರುಗಿ ಬಸ್ಸಿಗೆ ಓಡಬೇಕೆನಿಸಿತು. ಹಂಪಮ್ಮ ತೆಂಗಿನಕಾಯಿ, ಅರಿಷಿಣ ಕುಂಕುಮ ತಂದು ಮೇಲಿನ ಮೆಟ್ಟಿಲ ಮೇಲಿಟ್ಟು ಕೈಮುಗಿಯುತ್ತಿದ್ದಳು. “ಎಷ್ಟು ತಲಿಗಿ ನೀರು ಕೊಟ್ಟಾಕಿ ಈಕಿ. ಮುಚ್ಚಬಾರದಿತ್ತು,” ಎಂದಳು. “ನಿಮಗ ನೀರು ಕೊಟ್ಟಾಳ. ನನಗ ಹುಳ ಕೊಟ್ಟಾಳ,” ಎಂದಳು ಅವ್ವ. “ಕಾಯಿ ಒಡದು ಆತಿಲ್ಲೋ, ಸರೀರಿ ಈ ಕಡಿ. ಸುಲ್ತಾನಸಾಬ, ಶುರು ಮಾಡಪ್ಪ.” ಜೇಸಿಬಿಯ ಸುಲ್ತಾನಸಾಬ ಬೀಡಿ ಎಸೆದು ಮೇಲೆ ಹತ್ತಿದ. ಆಗ ಅವ್ವ ಮಗಳನ್ನು ಕಂಡಳು. ಮುಖ ಅರಳಿತು. “ಬಂದಳು ನೋಡ್ರಿ ನನ್ನ ಮಗಳು. ಬಾ, ಇಲ್ಲಿ ಬಾ. ಕಣ್ಣ ತುಂಬ ನೋಡಂತ.”

“ಅವ್ವ, ಒಂದೀಟು ತಡಿ ಅನ್ನು ಅವರಿಗಿ. ನಾ ಕೆಳಗ ಇಳದು ನೀರು ತಗೋಬೇಕು.”

“ಯಾಕ?”

“ಸೋಸಿ ನೋಡಬೇಕು. ನೀರು ಸೋಸೋ ಬಟ್ಟಿ ಬೇಕವ್ವ.”

ಕೇಳಿಬಿಟ್ಟಳು. ನಾಲ್ಕು ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೆ ಅಳು ಬರುವಷ್ಟು ಕೋಪ ಬಂತು. ಅವ್ವ ಬೈಯಲಿಲ್ಲ. ಜನರತ್ತ ತಿರುಗಿ, “ಕೇಳ್ರಿ. ಅದರಾಗಿನ ಹುಳ ತಗದು ನಿಮಗೆಲ್ಲಾ ತೋರಸ್ತಾಳಂತ. ಸರಕಾರದವರು ಹೇಳಿದ್ರ ನಂಬಲಿಲ್ಲ ನೀವು, ನನ್ನ ಕಾಲು ನೋಡಿದ್ರೂ ನಂಬಲಿಲ್ಲ,” ಎಂದಳು. ಎಡಗಾಲು ಎಳೆಯುತ್ತ ತಾನೇ ಒಳಗೆ ಹೋಗಿ ಬಟ್ಟೆ ತಂದು ಮಗಳ ಕೈಗಿಟ್ಟಳು. ಸೀಲಿನ ಗುರುತು ಮಾಸಿ ನೀಲಿ ಕಲೆಯಾಗಿತ್ತು. ಅಂಚಿಗೆಲ್ಲ ಅವ್ವನ ಹೊಲಿಗೆ. ಸುಲ್ತಾನಸಾಬ ಇಂಜಿನ್ ನಿಲ್ಲಿಸಲಿಲ್ಲ. “ಲಗೂ ಮಾಡ್ರಿ ಮೇಡಂ, ಕಡೇಚೂರಿಗಿ ಹೋಗೋದೈತಿ ನನಗ,” ಎಂದ.

ಡಬ್ಬಿ, ಭೂತಗನ್ನಡಿ ಹಿಡಿದು ಅವಳು ಇಳಿದಳು. ಮೂವತ್ತೆರಡು ಮೆಟ್ಟಿಲು. ಕೆಳಗೆ ಹೋದಂತೆ ಜನರ ಮಾತು ಸಣ್ಣದಾಗಿ, ಇಂಜಿನ್ನಿನ ಗುಡುಗುಡು ಮಾತ್ರ ಕಲ್ಲಿನಲ್ಲಿ ಉಳಿಯಿತು. ನೀರು ಹಸಿರಾಗಿತ್ತು, ಗುಟಕಾ ಚೀಟಿ ತೇಲುತ್ತಿದ್ದವು. ಆದರೆ ಗೋಡೆಯ ಸಂದಿಯಿಂದ ಒಸರುವ ಕಡೆ ನೀರು ತಿಳಿಯಾಗಿತ್ತು. ಕೊನೆಯ ಮೆಟ್ಟಿಲಿನಲ್ಲಿ ಮೊಣಕಾಲೂರಿ ಡಬ್ಬಿ ಅದ್ದಿ ಅದ್ದಿ ಬಟ್ಟೆಯ ಮೇಲೆ ಸುರಿದಳು. ಸಿಗಬಾರದು ಎಂದು ಬೇಡಿಕೊಳ್ಳುತ್ತಿದ್ದಾಳೆಂದು ಅವಳಿಗೆ ಹತ್ತನೆಯ ಡಬ್ಬಿಗೆ ತಿಳಿಯಿತು. ಯಾರನ್ನು ಬೇಡಿಕೊಳ್ಳುತ್ತಿದ್ದಳೋ. ಸಮುದ್ರದಲ್ಲಿ ಹೀಗೇ ಮೊಣಕಾಲೂರಿ ಹುಲ್ಲಿನ ನಡುವೆ ಕೊಳವೆ ಒತ್ತುವಾಗ ಸಿಗಲಿ ಸಿಗಲಿ ಎನ್ನುತ್ತಿದ್ದಳು. ಅಲ್ಲಿ ಹುಲ್ಲಿನ ಎಲೆಗಳು ಅಲೆ ಬಂದಾಗಲೆಲ್ಲ ಒಂದೇ ಕಡೆ ಬಾಗುತ್ತಿದ್ದವು. ಅಪ್ಪನ ಪ್ರಶ್ನೆಗೆ ಉತ್ತರ ಇವು, ಇದನ್ನು ಮೇಯುವವು ಈ ಮರಳಿನಲ್ಲಿವೆ ಎಂದು ಅವಳು ಎಷ್ಟು ಖುಷಿಪಟ್ಟಿದ್ದಳು. ನಲವತ್ತು ಡಬ್ಬಿ ಸುರಿದಾದ ಮೇಲೆ ಬಟ್ಟೆಯ ನಡುವಿನ ತೇವವನ್ನು ಭೂತಗನ್ನಡಿಯಲ್ಲಿ ನೋಡಿದಳು. ಕೆಸರಿನ ಕಣಗಳು. ಸೊಳ್ಳೆಯ ಮರಿ. ಆಮೇಲೆ ಒಂದು ಬಿಳಿಯ ಗೆರೆ ತಾನಾಗಿಯೇ ಸರಿಯಿತು. ಬಣ್ಣವಿಲ್ಲದ, ಸಪೂರ ಗೆರೆ, ಬಾಗಿ ನೆಟ್ಟಗಾಗಿ ನೂಲಿನ ಎಳೆಗಳ ನಡುವೆ ದಾರಿ ಹುಡುಕುತ್ತಿತ್ತು. ಅದರ ಪಕ್ಕ ಇನ್ನೊಂದು. ಅವಳು ಅದರ ಒಂದೊಂದು ಕಾಲನ್ನೂ ಕಾಲಿನ ಮುಳ್ಳನ್ನೂ ಚಿತ್ರವಾಗಿ ಬರೆದು ಕೈ ನೋಯಿಸಿಕೊಂಡವಳು, ಯಾರನ್ನೂ ಕೇಳಬೇಕಾಗಿರಲಿಲ್ಲ. ಹನ್ನೊಂದನ್ನೂ ಸತ್ತು ಗುಲಾಬಿಯಾದ ಮೇಲೆಯೇ ಕಂಡಿದ್ದಳು. ಜೀವಂತ ನೋಡಿದ್ದು ಇದೇ ಮೊದಲು.

ಬಟ್ಟೆಯನ್ನು ಜೋಳಿಗೆಯ ಹಾಗೆ ಹಿಡಿದು ಮೇಲೆ ಬಂದಳು. ಶೀಶೆಗಳಿದ್ದ ಚೀಲ ಕುರ್ಚಿಯ ಕಾಲಬಳಿ ಇತ್ತು. ಅವ್ವ ಎದ್ದು ನಿಂತು, “ಸಿಕ್ಕುವೇನು?” ಎಂದಳು. “ಸಿಕ್ಕಾವ.” “ತೋರಸು ಮತ್ತ ಎಲ್ಲಾರಿಗಿ.” ಶಿವಲೀಲಾ ಅವ್ವನ ಹತ್ತಿರ ಹೋಗಿ ದನಿ ತಗ್ಗಿಸಿದಳು. “ಅವ್ವ, ನಿನ್ನ ಹೆಸರಿಟ್ಟ ಹುಳ ಸಮುದ್ರದ್ದಲ್ಲ. ಇದರದ್ದು. ನಾ ಆಗ ಕದ್ದು ಈ ನೀರು ತಂದಿದ್ದೆ. ಬಟ್ಟಿ ಕೇಳಿದ್ರ ನಿನಗ ಗೊತ್ತಾಗ್ತೈತಂತ ಸೋಸಲಿಲ್ಲ. ಈ ಬಾವಿ ಹುಳ ನನ್ನ ಡಬ್ಬಿಗಿ ಬಿದ್ದೈತಿ.” ಒಂದೇ ಉಸಿರಿಗೆ ಹೇಳಿದಳು. ಅವ್ವ ಅರ್ಥವಾಗದವಳಂತೆ ಮೊದಲು ಮಗಳ ಬಾಯಿ ನೋಡಿದಳು, ಆಮೇಲೆ ಬಟ್ಟೆ ನೋಡಿದಳು. “ಸಮುದ್ರದಾಗ ಇಲ್ಲ?” “ಇಲ್ಲ.” “ಇದು ಆ ಹುಳದ ಕುಲದ್ದೇನು? ನನ್ನ ಕಾಲು ತಿಂದ ನಾರುಹುಳ ಹೊಟ್ಟ್ಯಾಗ ಇಟಗೊಂಡಿತ್ತಲ್ಲ, ಅದರ ಕುಲದ್ದು?” ಇದನ್ನು ಅವಳು ಅವ್ವನಿಗೆ ಎಂದೂ ಹೇಳಿರಲಿಲ್ಲ. ಕಡಲಿನಲ್ಲಿರುವುದೂ ಬಾವಿಯಲ್ಲಿರುವುದೂ ಅಣ್ಣತಮ್ಮಂದಿರ ಮಕ್ಕಳು ಎಂದು ಹೇಳುವ ಅಗತ್ಯ ಬಿದ್ದಿರಲಿಲ್ಲ. “ಅದ ಅಲ್ಲ. ಅದರ ದಾಯಾದಿ,” ಎಂದಳು.

ಅವ್ವ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಬಾವಿಯ ಕಟ್ಟೆಯ ಹಾಸುಗಲ್ಲಿಗೆ ಬಡಿದಳು. ಮೂರು ಸಲ. ಸಾಯ್ರಿ ಎನ್ನಲಿಲ್ಲ. ಬೇವಿನ ನೆರಳಿನ ಜನ ಏನೋ ಶಾಸ್ತ್ರ ನಡೆದಿದೆ ಎಂದು ಸುಮ್ಮನೆ ನೋಡುತ್ತಿದ್ದರು. ನೀರು ಕಲ್ಲಿನ ಮೇಲೆ ಚೆಲ್ಲಿ, ಕಾವಿಗೆ ಅಂಚಿನಿಂದಲೇ ಒಣಗಲು ಶುರುವಾಯಿತು. “ಏನೂ ಸಿಗಲಿಲ್ಲಂತ ಬರಿ,” ಎಂದಳು ಅವ್ವ. ಆ ಕ್ಷಣ ಶಿವಲೀಲಾಳ ಎದೆಯಿಂದ ಒಂದು ದೊಡ್ಡ ಭಾರ ಇಳಿಯಿತು. ಸಂತೋಷವೇ ಆಯಿತು ಅವಳಿಗೆ. ತಾನು ಮಾಡಬೇಕಾದ್ದನ್ನು ಮಾಡಿದ್ದಾಗಿದೆ, ಹಾಳು ಮಾಡಿದವಳು ಅವ್ವ. ಚೇತನಕುಮಾರನಿಗೆ ಸಮುದ್ರದ ನೀರು ಎಂದು ಬರೆದರೂ ತಪ್ಪು ತನ್ನೊಬ್ಬಳದಲ್ಲ. ಇಂಟರ್ವ್ಯೂ, ಖಾಯಂ ಕೆಲಸ, ಗೋಡೆಯ ಮೇಲಿನ ಪೇಪರು ಎಲ್ಲ ಇದ್ದಲ್ಲೇ ಇರುತ್ತವೆ. ಇಷ್ಟೆಲ್ಲ ಯೋಚಿಸುವಷ್ಟು ಹೊತ್ತಿನಲ್ಲಿ ಕಲ್ಲಿನ ಮೇಲಿನ ಒದ್ದೆ ಅಂಗೈಯಗಲಕ್ಕೆ ಬಂದಿತ್ತು. ಇಂಥ ಸಂತೋಷ ತನಗೆ ಬಂತಲ್ಲ ಎಂದು ಅಸಹ್ಯವಾಯಿತು. ಸಮುದ್ರದಲ್ಲಿ ಬಿದ್ದಾಗ ಎಲ್ಲರ ಜೊತೆ ನಕ್ಕದ್ದು ಇದೇ ಬಾಯಿ. ಅವಳು ಚೀಲ ಎಳೆದು ಡ್ರಾಪರ್ ತೆಗೆದು ಊರವರೆಲ್ಲರೆದುರು ಕಲ್ಲಿನ ಮುಂದೆ ಬೋರಲು ಬಿದ್ದಳು. ಆ ಹಾಸುಗಲ್ಲಿನ ಮೈಮೇಲೆ ಹುಟ್ಟಿನಿಂದಲೇ ಅಲೆಯಂಥ ಗೆರೆಗಳಿದ್ದವು. ಗೆರೆಗಳ ತಗ್ಗಿನಲ್ಲಿ ಒಂದೆರಡು ಹನಿ ಇನ್ನೂ ನಿಂತಿದ್ದವು. ಹೀರಿದಳು, ಶೀಶೆಗೆ ಬಿಟ್ಟಳು. ಮತ್ತೆ ಹೀರಿದಳು. ಯಾರೋ ನಕ್ಕರು. “ಏನಾತ್ರೀ ಮೇಡಂಗ,” ಎಂದ ಸುಲ್ತಾನಸಾಬ. ಮೊಣಕೈ ಸುಟ್ಟಿತು. ಕೊನೆಯ ಹನಿಯನ್ನೂ ಬಿಡದೆ ಎತ್ತಿ, ಶೀಶೆಯನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ತಳದಲ್ಲಿ ಎರಡು ಬಿಳಿ ಗೆರೆ ಮಲಗಿದ್ದವು.

ಅವ್ವನ ನೆರಳು ಅವಳ ಮೇಲೆ ಬಿದ್ದಿತ್ತು. ಅವ್ವ ಬಗ್ಗಿ ಶೀಶೆಯನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣಿಗೆ ಅಲ್ಲೇನೂ ಕಾಣಿಸುತ್ತಿರಲಿಲ್ಲ.

“ತಗೊಂಡು ಹೋಗು,” ಎಂದಳು. “ಖರೇನ ಬರಿ. ಆದ್ರ ನನ್ನ ಹೆಸರು ಅದರ ಮ್ಯಾಲಿಂದ ತಗದು ಹಾಕು.”

ಶಿವಲೀಲಾ ಎದ್ದು ಕೂತಳು. ಇದೊಂದಕ್ಕೆ ಅವಳು ಸಿದ್ಧಳಾಗಿ ಬಂದಿರಲಿಲ್ಲ. ಹೆಸರಿಡುವವರಿಗೆ ಒಂದು ನಿಯಮದ ಪುಸ್ತಕವಿದೆ. ಪ್ರಾಣಿ ಸಿಕ್ಕ ಜಾಗ ತಪ್ಪಾಗಿದ್ದರೆ ತಿದ್ದಬಹುದು, ಸಮುದ್ರ ಎಂದದ್ದನ್ನು ಹೊಡೆದು ಬಾವಿ ಎಂದು ಬರೆಯಬಹುದು. ಆದರೆ ಅಚ್ಚಾದ ಹೆಸರನ್ನು ಇಟ್ಟವರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

“ಅದು ಬರಂಗಿಲ್ಲವ್ವ.”

“ಯಾಕ ಬರಂಗಿಲ್ಲ? ನೀನ ಇಟ್ಟೀದಿ.”

“ಇಟ್ಟ ಮ್ಯಾಲ ಯಾರಿಗೂ ತಗೀಲಾಕ ಬರಂಗಿಲ್ಲ. ಹುಳ ಇರೋತನ ಇರ್ತೈತಿ. ಹುಳ ಹೋದ್ರೂ ಇರ್ತೈತಿ.”

ಅವ್ವ ಹೆಗಲ ಮೇಲಿನ ಶಾಲು ತೆಗೆದಳು. ಮಡಚಿ ಮಡಚಿ ಚೌಕ ಮಾಡಿ ಕುರ್ಚಿಯ ಮೇಲಿಟ್ಟಳು. ಬಾವಿಗೆ ಬೆನ್ನು ಮಾಡಿ ಮನೆಯ ಕಡೆ ಮುಖ ಮಾಡಿ ನಿಂತಳು. ಸುಲ್ತಾನಸಾಬ ಮೇಲಿನಿಂದ, “ಯವ್ವಾ, ಹಾಕ್ಲೇನು?” ಎಂದು ಕೂಗಿದ. ಅವನು ಮತ್ತೆ ಕೇಳಿದ.

“ನನ್ನ ಕೇಳಬ್ಯಾಡ,” ಎಂದಳು ಅವ್ವ, ತಿರುಗದೆ. “ಆಕಿನ್ನ ಕೇಳು.”

ಎಲ್ಲರೂ ಶಿವಲೀಲಾಳನ್ನು ನೋಡಿದರು. ಈ ಪ್ರಾಣಿ ಬೇರೆಲ್ಲಾದರೂ ಇದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಮುಚ್ಚಬೇಡಿ ಎನ್ನಲು ಒಂದು ಮಾತು ಸಾಕಿತ್ತು, ಅದು ನ್ಯಾಯದ ಮಾತೂ ಆಗಿತ್ತು. ಅವಳು ಪೆನ್ಸಿಲ್ ತೆಗೆದು ಚೀಟಿಯ ಮೇಲೆ ತಾರೀಖು, ಊರು, ಮೆಟ್ಟಿಲು ಬಾವಿ ಎಂದು ಬರೆದು ಶೀಶೆಗೆ ಹಾಕಿ ಬಿರಡೆ ಒತ್ತಿದಳು. ಅವ್ವನ ಬೆನ್ನು ನೋಡಿದಳು.

“ಹಾಕ್ರಿ,” ಎಂದಳು.

ಜೇಸಿಬಿಯ ಕೈ ಗುಡ್ಡೆಗೆ ಹೊಕ್ಕು ಮೊರಂ ತುಂಬಿಕೊಂಡು ಮೇಲೆದ್ದು ಬಾವಿಯ ಮೇಲೆ ಬಂದು ಬಾಗಿತು. ಮೊದಲ ಮಣ್ಣು ಕೆಳಗೆ ನೀರಿಗೆ ಬಿದ್ದ ಸಪ್ಪಳ ಕೇಳಿದಾಗ ಅವ್ವ ತನ್ನ ಎಡಗಾಲನ್ನು ನೆಲದಿಂದ ಮೇಲೆತ್ತಿ ಹಿಡಿದುಕೊಂಡಳು.